ನಿಮ್ಮ ಬಡಾವಣೆಗೆ ಸೈಕಲ್ ದಾರಿ ಕೇಳಿ ಪಡೆಯುವುದು ಹೇಗೆ?

ಬೆಳಿಗ್ಗೆ ಪೇಪರ್ ಹಾಕುವವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ಸೆಕ್ಯುರಿಟಿ ಗಾರ್ಡ್‌ಗಳು, ಬ್ಯಾಗ್ ಏರಿಸಿಕೊಂಡ ಹೈಸ್ಕೂಲ್ ಮಕ್ಕಳು. ನಮ್ಮ ಊರುಗಳಲ್ಲಿ ದಿನಾ ಸೈಕಲ್ ತುಳಿಯುವವರು ಇವರೇ. ಸರ್ಕಾರ 2006–07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಮೈಸೂರಿಗೆ 2017ರಲ್ಲಿ ‘ಟ್ರಿನ್ ಟ್ರಿನ್’ ಬಾಡಿಗೆ ಸೈಕಲ್ ಬಂತು. ಆದರೆ ನೆಮ್ಮದಿಯಾಗಿ ತುಳಿಯುವ ದಾರಿ ತಾನಾಗಿ ಬರುವುದಿಲ್ಲ. ಅದನ್ನು ಕೇಳಬೇಕು, ಬೆನ್ನು ಬಿಡದೆ ಕೇಳಬೇಕು.

ಒಂದೇ ರಸ್ತೆ ಹಿಡಿಯಿರಿ

ಇಡೀ ಊರಿಗೆ ಸೈಕಲ್ ಪಥ ಬೇಕು ಎಂದು ಶುರು ಮಾಡಬೇಡಿ. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2020ರಲ್ಲಿ ಬೊಲಾರ್ಡ್ ಎಂಬ ಗಿಡ್ಡ ತಡೆಗಂಬ ನೆಟ್ಟು ಸೈಕಲ್ ಪಥ ಮಾಡಿದರು. ಅದು ಉಳಿಯಲಿಲ್ಲ. ಅದಕ್ಕೂ ಮೊದಲು ಜಯನಗರದಲ್ಲಿ ಮಾಡಿದ ಪಥಗಳ ಮೇಲೆ ಕಾರುಗಳು ಬಂದು ನಿಂತವು. ನಮ್ಮದು ಎಂದು ಕಾಯುವ ಅಕ್ಕಪಕ್ಕದ ಜನ ಇಲ್ಲದಿದ್ದರೆ ಯಾವ ಪಥವೂ ನಿಲ್ಲುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಾಗಾಗಿ ಶಾಲೆಗೋ ಮಾರ್ಕೆಟ್‌ಗೋ ಹೋಗುವ ಒಂದು ಕಿಲೋಮೀಟರ್ ರಸ್ತೆ ಆರಿಸಿಕೊಳ್ಳಿ.

ಟೇಪ್ ಹಿಡಿದು ಹೊರಡಿ

ನಾಲ್ಕೈದು ಜನ ಸೇರಿ ಆ ರಸ್ತೆಯಲ್ಲಿ ನಿಧಾನವಾಗಿ ಹೋಗಿ. ಶಾಲೆ ಮಕ್ಕಳ ತಾಯಂದಿರನ್ನು, ಸೈಕಲ್ ರಿಪೇರಿ ಅಂಗಡಿಯವರನ್ನು ಜೊತೆಗೆ ಕರೆಯಿರಿ. ಯಾರು ಎಲ್ಲಿ ಬೀಳುತ್ತಾರೆ ಅನ್ನುವುದು ರಿಪೇರಿಯವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮೊದಲು ಮಳೆನೀರು ಚರಂಡಿಯ ಕಬ್ಬಿಣದ ಜಾಲರಿ ನೋಡಿ. ಅದರ ಸೀಳುಗಳು ರಸ್ತೆಯ ಉದ್ದಕ್ಕೇ ಇದ್ದರೆ ಸೈಕಲ್ಲಿನ ಮುಂದಿನ ಚಕ್ರ ಅದರೊಳಗೆ ಇಳಿದು ಗಕ್ಕನೆ ನಿಲ್ಲುತ್ತದೆ. ಸವಾರರು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತಾರೆ. ಬೈಕಿನ ದಪ್ಪ ಟೈರಿಗೆ ಇದು ಗೊತ್ತೇ ಆಗುವುದಿಲ್ಲ, ಕಾರಿಗಂತೂ ಕೇಳಲೇಬೇಡಿ. ಅದಕ್ಕೇ ಬೇರೆ ಯಾರೂ ದೂರು ಕೊಟ್ಟಿರುವುದಿಲ್ಲ. ಸೀಳಿನ ಅಗಲ ಅಳೆಯಿರಿ, ಟೇಪ್ ಕಾಣುವಂತೆ ಫೋಟೊ ತೆಗೆಯಿರಿ, ಎದುರಿನ ಮನೆ ನಂಬರ್ ಬರೆದುಕೊಳ್ಳಿ. ಅಡ್ಡಪಟ್ಟಿ ವೆಲ್ಡ್ ಮಾಡಿದರೆ ಸಾಕು, ಸಮಸ್ಯೆ ಮುಗಿಯುತ್ತದೆ. ಮೊದಲ ಅರ್ಜಿಯಲ್ಲಿ ಇದನ್ನೇ ಕೇಳಿ. ಸಣ್ಣ ಕೆಲಸ ಬೇಗ ಆಗುತ್ತದೆ, ಜೊತೆಗಿದ್ದವರಿಗೂ ಹುರುಪು ಬರುತ್ತದೆ.

ಬೊಲಾರ್ಡ್ ವಿಷಯದಲ್ಲಿ ಎಚ್ಚರ. ಸ್ಕೂಟರ್ ನುಗ್ಗಬಾರದು ಎಂದು ಕಂಬಗಳನ್ನು ಒತ್ತೊತ್ತಾಗಿ ನೆಟ್ಟರೆ ವೀಲ್‌ಚೇರ್ ಮತ್ತು ಮೂರು ಚಕ್ರದ ಸೈಕಲ್ ಕೂಡ ಹೊರಗೇ ಉಳಿಯುತ್ತವೆ. ಅವುಗಳನ್ನು ಬಳಸುವವರನ್ನೇ ಕರೆದು ಸ್ಥಳದಲ್ಲೇ ಓಡಿಸಿ ನೋಡುವುದು ಸರಿಯಾದ ದಾರಿ.

ತಲೆ ಎಣಿಸಿ

ಬೆಳಿಗ್ಗೆ ಶಾಲೆ ಸಮಯದಲ್ಲಿ ಎರಡು ಗಂಟೆ ನಿಂತು ಸೈಕಲ್ ಎಣಿಸಿ. ಗಂಡಸರು, ಹೆಂಗಸರು, ಮಕ್ಕಳು ಅಂತ ಬೇರೆ ಬೇರೆ ಬರೆದುಕೊಳ್ಳಿ. ‘ಇಲ್ಲಿ ಸೈಕಲ್ ಯಾರ್ ಓಡಿಸ್ತಾರೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ತೋರಿಸಲು ಕೈಯಲ್ಲಿ ಲೆಕ್ಕ ಇರಬೇಕು, ಅಲ್ವಾ?

ಅರ್ಜಿ ಒಂದೇ ಪುಟ ಇರಲಿ

ಮೊದಲು ರಸ್ತೆ ಯಾರದ್ದು ಎಂದು ತಿಳಿದುಕೊಳ್ಳಿ: ಪಾಲಿಕೆಯೋ, ಪುರಸಭೆಯೋ, ಲೋಕೋಪಯೋಗಿ ಇಲಾಖೆಯೋ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಸುಮ್ನೆ ಕೊಳೆಯುತ್ತದೆ. ಎಂಜಿನಿಯರ್‌ಗೆ ಬರೆದು, ಸಂಚಾರ ಪೊಲೀಸ್ ಠಾಣೆಗೆ ಒಂದು ಪ್ರತಿ ಕೊಡಿ. ಸೈಕಲ್ ಪಥಕ್ಕೆಂದೇ ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 11 ಎಂಬ ಮಾರ್ಗಸೂಚಿ ಇದೆ, ಅದರ ಹೆಸರು ಹಾಕಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 198ಎ ಕಲಂ ಕೂಡ ನೆನಪಿಸಿ. ರಸ್ತೆ ವಿನ್ಯಾಸ ಅಥವಾ ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ, ಹೊಣೆ ಹೊತ್ತವರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಬೆದರಿಕೆಯಂತೆ ಬರೆಯಬೇಡಿ, ಒಂದು ಸಾಲು ಸಾಕು.

ಅರ್ಜಿಯನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೈಯಾರೆ ಕೊಟ್ಟು ನಿಮ್ಮ ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೀಲು ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ. ವಾರ್ಡ್ ಸಮಿತಿ ಸಭೆ ನಡೆಯುವ ಕಡೆ ಅಲ್ಲೂ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ.

ಡಾಂಬರು ಬೀಳುವ ಮೊದಲು

ಸಮಯ ನೋಡಿ ಕೇಳುವುದು ಎಲ್ಲಕ್ಕಿಂತ ಮುಖ್ಯ. ಹೇಗೂ ಡಾಂಬರು ಹಾಕುವಾಗ ಜಾಲರಿ ಸರಿಪಡಿಸುವುದು, ಬಿಳಿ ಗೆರೆ ಎಳೆಯುವುದು ಅದೇ ಕಾಮಗಾರಿಯಲ್ಲಿ ಸೇರುತ್ತದೆ. ಮುಗಿದ ಮೇಲೆ ಕೇಳಿದರೆ ಹೊಸ ಅಂದಾಜು ಪಟ್ಟಿ, ಹೊಸ ಟೆಂಡರ್. ನಿಮ್ಮ ರಸ್ತೆಯ ಕಾಮಗಾರಿ ಯಾವಾಗ ಎಂದು ಯಾರೂ ಹೇಳದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು.

ಕೆಲಸ ಆದ ಮೇಲೆ

ಪಥದ ಮೇಲೆ ಗಾಡಿ ನಿಲ್ಲಿಸುವ ಅಂಗಡಿ, ಮನೆಯವರ ಜೊತೆ ಮೊದಲ ವಾರವೇ ಮಾತಾಡಿ. ಹೆಚ್ಚಿನವರು ಕೇಳುತ್ತಾರೆ. ಕೇಳದವರ ಗಾಡಿಯ ಫೋಟೊ ಸಂಚಾರ ಪೊಲೀಸರಿಗೆ ಕಳಿಸಿ. ಕೆಲವು ತಿಂಗಳು ಬಿಟ್ಟು ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಮತ್ತೆ ಸೈಕಲ್ ಎಣಿಸಿ. ಎರಡೂ ಲೆಕ್ಕವನ್ನು ಮುಂದಿನ ರಸ್ತೆಯ ಅರ್ಜಿಗೆ ಲಗತ್ತಿಸಿ.