ಹುಲ್ಲುಹಾಸಿನ ಮೇಲೆ ಪೂರ್ತಿ ಸಿಂಫನಿ: ನನ್ನ ಅನುಭವ

ಶಿಕಾಗೋದ ಮಿಲೆನಿಯಂ ಪಾರ್ಕಿನಲ್ಲಿ ಹುಲ್ಲಿನ ಮೇಲೆ ಕುಳಿತೇ ಒಂದು ಸಿಂಫನಿಯನ್ನು (ಪಾಶ್ಚಾತ್ಯ ವಾದ್ಯವೃಂದದ ದೀರ್ಘ ಕೃತಿ), ಅದರ ಅತಿ ಮೆಲುದನಿಯ ಭಾಗಗಳೂ ತಪ್ಪಿಹೋಗದಂತೆ, ಆದ್ಯಂತ ಕೇಳಬಹುದು ಎಂದು ನಾನು ಹೇಳಿದಾಗ ನಮ್ಮ ಕೇಳುಗರ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಕೇಳುವ ಆಸೆಯಿದ್ದವರು ಮಿಶಿಗನ್ ಅವೆನ್ಯೂ ದಾಟಿ ಸಿಂಫನಿ ಸೆಂಟರ್ ಎಂಬ ಸಭಾಂಗಣಕ್ಕೆ ಹೋಗಬೇಕು, ಪಾರ್ಕಿಗೆ ಹೋಗುವುದು ಗಾಳಿ ಸೇವನೆಗೆ ಮಾತ್ರ ಎಂಬುದು ಬಳಗದ ಹಿರಿಯರೊಬ್ಬರ ಖಚಿತ ಅಭಿಪ್ರಾಯವಾಗಿತ್ತು. ಅದೇ ಹಿರಿಯರು ಈಚೆಗೆ ನನ್ನ ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಆಸ್ಟ್ರಿಯದ ಸಂಗೀತ ರಚನಾಕಾರ ಮಾಹ್ಲರನ ಮೊದಲ ಸಿಂಫನಿಯ ಆರಂಭದಲ್ಲಿ ತಂತಿವಾದ್ಯಗಳೆಲ್ಲ ತಂಬೂರಿಯ ಶ್ರುತಿಯಂತೆ ಹಿಡಿದು ನಿಲ್ಲಿಸುವ ಆ ಒಂದೇ ಸ್ವರವನ್ನು ಕೇಳಿದರು. ಮುಂದಿನ ವಾರ ನನಗಿಂತ ಮೊದಲೇ ಬಂದು ಆ ಜಾಗವನ್ನು ಹಿಡಿದಿದ್ದರು. ಈ ವಿಧಾನವನ್ನು ಬರೆದಿಡುವುದಕ್ಕೆ ಅಷ್ಟು ಸಾಕು ಎಂದುಕೊಂಡಿದ್ದೇನೆ.

ಈ ಪಾರ್ಕಿನಲ್ಲಿ ಪ್ರತಿ ಬೇಸಗೆ ನಡೆಯುವುದು ಗ್ರಾಂಟ್ ಪಾರ್ಕ್ ಸಂಗೀತೋತ್ಸವ, ಹೊರಾಂಗಣದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಉಚಿತ ಉತ್ಸವ. ಜೂನ್‌ನಿಂದ ಆಗಸ್ಟ್ ನಡುವಿನವರೆಗೆ ಸುಮಾರು ಹತ್ತು ವಾರ, ಸಾಮಾನ್ಯವಾಗಿ ಬುಧವಾರ, ಶುಕ್ರವಾರ ಮತ್ತು ಶನಿವಾರದ ಸಂಜೆಗಳಲ್ಲಿ ಕಚೇರಿಗಳಿರುತ್ತವೆ. ಉಚಿತವಾದ್ದರಿಂದ ಗುಣದಲ್ಲಿ ಒಂದು ಮೆಟ್ಟಿಲು ಕೆಳಗಿರಬಹುದೆಂಬ ಅನುಮಾನ ಇನ್ನೂ ಕೆಲವರಲ್ಲಿದೆ. 1935ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ, ಕೆಲಸವಿಲ್ಲದೆ ಕುಳಿತಿದ್ದ ವಾದಕರಿಗೆ ಸಂಬಳದ ಕೆಲಸ ಸಿಗಲೆಂದು ಸಂಗೀತಗಾರರ ಸಂಘದ ಮುಖಂಡ ಜೇಮ್ಸ್ ಪೆಟ್ರಿಲೊ ಪಟ್ಟುಹಿಡಿದು ನಡೆಸಿದ ಕಚೇರಿಗಳಿಂದ ಬೆಳೆದ ಉತ್ಸವವಿದು. ಮುಂದಿನ ಸಾಲುಗಳನ್ನು ಬಿಟ್ಟರೆ ಕೇಳುವವರು ಹಣ ಕೊಡುವುದಿಲ್ಲ, ನುಡಿಸುವವರು ಮಾತ್ರ ಮೊದಲಿನಿಂದಲೂ ವೃತ್ತಿಪರರೇ.

ನನ್ನ ಮೊದಲ ಬೇಸಗೆಗಳು ಹಣದ ದೃಷ್ಟಿಯಿಂದ ಚೆನ್ನಾಗಿರಲಿಲ್ಲ. ಮುಂದಿನ ಸಾಲುಗಳ ಒಂದು ರಾತ್ರಿಯ ಪಾಸಿಗೆ ತಲೆಗೆ ಸುಮಾರು 25 ಡಾಲರ್, ಕಾರು ನಿಲ್ಲಿಸಲು ಮೂವತ್ತಕ್ಕೂ ಮೇಲೆ. ಇಬ್ಬರು ಹೋಗಿಬಂದರೆ ಒಳಾಂಗಣದ ಸಭಾಂಗಣದಲ್ಲಿ ಕಡಿಮೆ ದರದ ಎರಡು ಟಿಕೆಟ್ ಕೊಳ್ಳುವಷ್ಟು ಹಣ ಖರ್ಚಾಗುತ್ತಿತ್ತು. ಸುಮಾರು 60 ಡಾಲರಿನ ಮಡಚುವ ಕುರ್ಚಿಯೊಂದನ್ನು ತಂದೆ. ಅದು ಹಿಂದೆ ಕುಳಿತವರಿಗೆ ಅಡ್ಡವಾಯಿತು. ಎಲ್ಲಕ್ಕಿಂತ ದುಬಾರಿಯಾದ ವಿಫಲ ಪ್ರಯೋಗವೆಂದರೆ, ಹೊರಗಿನ ಗದ್ದಲವನ್ನು ಅಳಿಸುವುದೆಂದು ಹೆಸರಾದ ಮುನ್ನೂರು ಡಾಲರಿನ ಹೆಡ್‌ಫೋನ್. ಅಂಥ ಹೆಡ್‌ಫೋನುಗಳು ತಗ್ಗಿನ ಶ್ರುತಿಯ, ಎಡೆಬಿಡದ ಶಬ್ದವನ್ನೇ ಹೆಚ್ಚು ಅಳಿಸುತ್ತವೆ. ಆದ್ದರಿಂದ ಬಸ್ಸಿನ ಗುಡುಗುಡು ಹೋದಾಗ ಅದರ ಜೊತೆಗೇ ತಗ್ಗಿನ ಶ್ರುತಿಯ ದೊಡ್ಡ ತಂತಿವಾದ್ಯಗಳಾದ ಡಬಲ್ ಬೇಸ್‌ಗಳೂ ಹೋದವು, ಬುಡವಿಲ್ಲದ ಪಿಟೀಲುಗಳಷ್ಟೇ ಉಳಿದವು. ಈಗ ನನ್ನ ಖರ್ಚು ಹೋಗಿಬರುವ ರೈಲಿನ ಟಿಕೆಟ್, ಮತ್ತೆ ಒಂದಿಷ್ಟು ಕಾಗದ.

ತಿರುವು ಸಿಕ್ಕಿದ್ದು ನೆತ್ತಿಯ ಮೇಲಿದ್ದ ಉಕ್ಕಿನ ಜಾಲರಿಯನ್ನು ಗಮನಿಸಿ ನೋಡಿದಾಗ. 2004ರಲ್ಲಿ ತೆರೆದ, ಪಾರ್ಕಿನ ಹೊರಾಂಗಣ ವೇದಿಕೆಯಾದ ಜೇ ಪ್ರಿಟ್ಜ್‌ಕರ್ ಪೆವಿಲಿಯನ್ನಿನಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಗೆರಿ, ಸುಮಾರು 600 ಅಡಿ ಉದ್ದ, 300 ಅಡಿ ಅಗಲದ ಆ ಕೊಳವೆಗಳ ಜಾಲರಿಯನ್ನು ಆಸನಗಳ ಮೇಲೂ ಹುಲ್ಲಿನ ಮೇಲೂ ಹಾಯಿಸಿದ್ದಾರೆ, ಅದರಿಂದ ಸ್ಪೀಕರುಗಳು ತೂಗುತ್ತವೆ. ವೇದಿಕೆಯ ನಾದ ಹುಲ್ಲಿನ ಹಿಂಬದಿಯನ್ನು ಮುಟ್ಟಲು ಸುಮಾರು ಅರ್ಧ ಸೆಕೆಂಡು ಹಿಡಿಯುವುದರಿಂದ, ಪ್ರತಿಯೊಂದು ಸ್ಪೀಕರಿಗೂ ಅದರ ದೂರಕ್ಕೆ ತಕ್ಕಷ್ಟು ತಡಮಾಡಿ ನಾದವನ್ನು ಕಳಿಸುತ್ತಾರೆ. ಹೀಗಾಗಿ ನಾದ ತಲೆಯ ಮೇಲಿನಿಂದ ಬೀಳುತ್ತಿದ್ದರೂ ಕಿವಿಗೆ ವೇದಿಕೆಯಿಂದಲೇ ಬಂದಂತೆ ಅನಿಸುತ್ತದೆ. ಇದರ ಮೇಲೆ, ಸಭಾಂಗಣದ ಗೋಡೆಗಳಿಂದ ಮರಳುವ ಅನುರಣನವನ್ನು ಹೋಲುವ ಇನ್ನೊಂದು ಪದರವನ್ನೂ ಸೇರಿಸುತ್ತಾರೆ. ವೇದಿಕೆ ಚೆನ್ನಾಗಿ ಕಾಣುವ ಜಾಗವೇ ಚೆನ್ನಾಗಿ ಕೇಳುವ ಜಾಗ ಎಂಬ ನಂಬಿಕೆಯನ್ನು ನಾನು ಅಲ್ಲಿಗೆ ಕೈಬಿಟ್ಟೆ. ಈ ಎರಡು ಪದರಗಳು ಹದವಾಗಿ ಬೆರೆಯುವ ಜಾಗವನ್ನು ಹುಡುಕತೊಡಗಿದೆ.

ಹುಡುಕುವುದಕ್ಕೆ ಸಂಜೆ ಸರಿಯಾದ ಸಮಯವಲ್ಲ. ಜನ ತುಂಬಿದ ಮೇಲೆ ಎದ್ದು ಓಡಾಡಿದರೆ ಎಲ್ಲರಿಗೂ ತೊಂದರೆ. ಆದರೆ ವಾದ್ಯವೃಂದದ ರಿಹರ್ಸಲ್‌ಗಳು ವಾರದ ದಿನಗಳಲ್ಲಿ ಹಗಲು ಹೊತ್ತಿನಲ್ಲೇ ನಡೆಯುತ್ತವೆ, ಅವೂ ಉಚಿತ, ಯಾರು ಬೇಕಾದರೂ ಹೋಗಿ ಕೂರಬಹುದು. ಊಟದ ವಿರಾಮವನ್ನು ಸ್ವಲ್ಪ ಹಿಗ್ಗಿಸಿಕೊಂಡು ನಾನು ಅವುಗಳಿಗೆ ಹೋಗತೊಡಗಿದೆ. ಒಂದು ಮಧ್ಯಾಹ್ನ ಫ್ರೆಂಚ್ ರಚನಾಕಾರ ರಾವೆಲ್‌ನ ಬೊಲೆರೊ ಎಂಬ ಕೃತಿಯ ರಿಹರ್ಸಲ್ ನಡೆಯುತ್ತಿತ್ತು, ನನ್ನ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಸಿಗಲಾರದು. ಆ ಕೃತಿಯಲ್ಲಿ ಸ್ನೇರ್ ಡ್ರಮ್ ಅತಿ ಮೆಲ್ಲಗೆ ಆರಂಭವಾಗಿ ಒಂದೇ ಲಯವನ್ನು ಕೊನೆಯವರೆಗೂ ಬಿಡದೆ ನುಡಿಯುತ್ತದೆ. ಅದರ ಮೇಲೆ ಮೊದಲು ಕೊಳಲು, ಆಮೇಲೆ ಕ್ಲಾರಿನೆಟ್, ಆಮೇಲೆ ಬಸೂನ್ ಹೀಗೆ ಒಂದೊಂದೇ ವಾದ್ಯ ರಾಗವನ್ನು ಎತ್ತಿಕೊಳ್ಳುತ್ತದೆ. ಅವರು ಆರಂಭವನ್ನು ಮತ್ತೆ ಮತ್ತೆ ನುಡಿಸುತ್ತಿದ್ದಾಗ ನಾನು ಪ್ರತಿ ಸಲವೂ ಜಾಗ ಬದಲಿಸಿ, ಡ್ರಮ್ಮಿನ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುವುದು ಯಾವ ವಾದ್ಯದ ಸರದಿಯಲ್ಲಿ ಎಂಬುದನ್ನು ಗುರುತು ಹಾಕಿಕೊಂಡೆ. ಹಿಂಬದಿಯ ಅಂಚಿನಲ್ಲಿ ಬಸೂನ್ ಬರುವ ತನಕ ಡ್ರಮ್ ಬರಿಯ ಮಬ್ಬು. ಸ್ಪೀಕರಿನ ನೇರ ಕೆಳಗೆ ಪೆಟ್ಟು ಸ್ಪಷ್ಟವಾಗಿದ್ದರೂ ಕೊಳಲು ಒರಟು. ಒಂದು ಕಡೆ ಮಾತ್ರ ಮೊದಲ ಪೆಟ್ಟಿನಿಂದಲೇ ಎರಡೂ ತಮ್ಮ ತಮ್ಮ ಎಡೆಯಲ್ಲಿ ನಿಂತವು: ನುಣುಪಾಗಿ, ವೇದಿಕೆಯ ಮೇಲೆ ಬೇರೆಬೇರೆಯಾಗಿ. ಆ ಜಾಗ ಹುಲ್ಲಿನ ಮುಂದಿನ ಅರ್ಧದಲ್ಲಿದೆ, ನಟ್ಟನಡುವಿನಲ್ಲಿ ಇಲ್ಲ, ಸ್ಪೀಕರುಗಳ ಎರಡು ಸಾಲುಗಳ ನಡುವೆ ಬರುತ್ತದೆ. ಇದಕ್ಕಿಂತ ಹೆಚ್ಚು ಹೇಳಲಾರೆ. ಆ ಚಾಪೆಯಗಲದ ಜಾಗವನ್ನು ಗಳಿಸಲು ಬಹಳ ಮಧ್ಯಾಹ್ನಗಳು ಹಿಡಿದಿವೆ, ಈಗಾಗಲೇ ಅದಕ್ಕೆ ಒಬ್ಬ ಪಾಲುದಾರರೂ ಇದ್ದಾರೆ.

ಜಾಗ ಸಿಕ್ಕ ಮೇಲೂ ಗದ್ದಲ ಉಳಿಯುತ್ತದೆ. ವೇದಿಕೆಗೆ ಮುಖಮಾಡಿ ಕುಳಿತವರ ಬಲಕ್ಕೆ ಕೊಲಂಬಸ್ ಡ್ರೈವ್, ಅದರಾಚೆ ಸರೋವರ. ಅಲ್ಲಿಂದ ಗಾಳಿ ಬೀಸುವ ಸಂಜೆ ರಸ್ತೆಯ ಸದ್ದೂ ಅದರೊಂದಿಗೆ ಬರುತ್ತದೆ, ಆಗ ನಾನು ಕೆಲವು ಗಜ ಎಡಕ್ಕೆ ಸರಿಯುತ್ತೇನೆ. ಜುಲೈ ಕಳೆಯುತ್ತ ಬಂದಂತೆ ಮರಗಳಲ್ಲಿ ಜೀರುಂಡೆಗಳು ಹೆಚ್ಚುತ್ತವೆ, ಅವುಗಳ ಏರುಶ್ರುತಿಯ ಕೂಗು ಪಿಟೀಲಿನ ಮೇಲಿನ ಸ್ವರಗಳನ್ನೂ ಟ್ರಯಾಂಗಲ್ ಎಂಬ ತ್ರಿಕೋನದ ಲೋಹವಾದ್ಯವನ್ನೂ ಮುಚ್ಚಿಬಿಡುತ್ತದೆ. ಆಗಸ್ಟಿನಲ್ಲಿ ವಿಮಾನ ಪ್ರದರ್ಶನದ ತಾಲೀಮಿಗೆ ಜೆಟ್‌ಗಳು ಸರೋವರದ ಮೇಲೆ ಹಾರಾಡುವ ದಿನ ಹಗಲಿನ ರಿಹರ್ಸಲ್‌ನಿಂದ ನನ್ನ ಕೆಲಸಕ್ಕೆ ಏನೂ ಸಿಗುವುದಿಲ್ಲ. ಆದ್ದರಿಂದ ಕಾರ್ಯಕ್ರಮ ಪಟ್ಟಿ ಬಂದೊಡನೆ ಮೆಲುದನಿಯ ಕೃತಿಗಳಿರುವ ಜೂನ್ ಸಂಜೆಗಳನ್ನು ಮೊದಲು ಗುರುತಿಸಿಕೊಳ್ಳುತ್ತೇನೆ. ಕಹಳೆ, ನಗಾರಿ ಮೊಳಗುವ ಕೃತಿಗಳು ಆಗಸ್ಟಿನಲ್ಲಿದ್ದರೂ ತೊಂದರೆಯಿಲ್ಲ.

ಇನ್ನು ಕಾಗದದ ವಿಷಯ. ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಸ್ವರಲಿಪಿ ಐಎಂಎಸ್‌ಎಲ್‌ಪಿ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಪೂರ್ತಿ ಮುದ್ರಿಸಿ ಒಯ್ದಾಗ ಗಾಳಿಯಲ್ಲಿ ಹಾಳೆಗಳನ್ನು ಹಿಡಿಯುವುದರಲ್ಲೇ ಒಂದು ಭಾಗ ಕಳೆದುಹೋಗುತ್ತಿತ್ತು. ಫೋನಿನಲ್ಲಿ ತೆರೆದರೆ ಅದರ ಬೆಳಕು ಪಕ್ಕದವರ ಕಣ್ಣಿಗೆ ಚುಚ್ಚುತ್ತದೆ. ಈಗ ಅತಿ ಮೆಲ್ಲಗೆ ನುಡಿಸಬೇಕೆಂಬ ಸೂಚನೆಯಿರುವ ಪುಟಗಳನ್ನಷ್ಟೇ ಆರಿಸಿ, ಹಾಳೆಗೆ ಎರಡರಂತೆ ಮುದ್ರಿಸಿ, ರಟ್ಟಿಗೆ ಕ್ಲಿಪ್ ಮಾಡಿಕೊಳ್ಳುತ್ತೇನೆ. ಮುಂದೆ ಬರುವುದು ಯಾವ ವಾದ್ಯ ಎಂದು ಮೊದಲೇ ತಿಳಿದಿದ್ದರೆ ಕಿವಿ ಅದನ್ನು ಗದ್ದಲದ ನಡುವೆಯೂ ಹೆಕ್ಕಿಕೊಳ್ಳುತ್ತದೆ. ತಿಳಿಯದಿದ್ದರೆ ಅದೇ ಸ್ವರ ಎದುರಿನಲ್ಲಿ ಹಾದುಹೋದರೂ ಗೊತ್ತಾಗುವುದಿಲ್ಲ. ಹಿರಿಯರ ಮನಸ್ಸು ಬದಲಾಗಲು ಜಾಗದಷ್ಟೇ ಈ ಹಾಳೆಗಳೂ ಕಾರಣ ಎಂಬುದು ನನ್ನ ನಂಬಿಕೆ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ಸುಮಾರು ಎಂಟೂವರೆಗೆ, ಹಾಗಾಗಿ ಆರೂವರೆಯ ಕಚೇರಿಗಳಲ್ಲಿ ಕೊನೆಯವರೆಗೂ ಓದುವ ಬೆಳಕಿರುತ್ತದೆ. ಏಳೂವರೆಗೆ ಆರಂಭವಾಗುವ ಶನಿವಾರಗಳಿಗೆ ಪುಟಗಳನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಂಡು ಬರಬೇಕು.

ಡಬ್ಲ್ಯೂಎಫ್‌ಎಂಟಿ ರೇಡಿಯೊ ಈ ಕಚೇರಿಗಳನ್ನು ನೇರ ಪ್ರಸಾರ ಮಾಡುವುದುಂಟು. ಒಂದು ಕಿವಿಯಲ್ಲಿ ಫೋನಿನ ಪ್ರಸಾರ, ಇನ್ನೊಂದರಲ್ಲಿ ಹುಲ್ಲಿನ ನಾದ ಇಟ್ಟುಕೊಂಡು ನೋಡಿದೆ. ಪ್ರಸಾರ ಎಷ್ಟೋ ಸೆಕೆಂಡು ಹಿಂದೆ ಉಳಿಯುವುದರಿಂದ ಅದು ಕೇಳುವುದಕ್ಕೆ ನಿಷ್ಪ್ರಯೋಜಕ. ಆದರೆ ಮನೆಯಲ್ಲಿ ಉಳಿದ ಒಂದು ಸಂಜೆ ರೇಡಿಯೊದಲ್ಲೇ ಕೇಳಿ, ಆ ಕೃತಿಯನ್ನು ಮರುಸಂಜೆ ಪಾರ್ಕಿನಲ್ಲಿ ಕೇಳಿದಾಗ ಒಂದು ಸಂಗತಿ ತಿಳಿಯಿತು: ರೇಡಿಯೊದಲ್ಲಿ ವಿವರ ಹೆಚ್ಚು, ಪಾರ್ಕಿನಲ್ಲಿ ಏರಿಳಿತ ಹೆಚ್ಚು. ಇಡೀ ವೃಂದ ಒಮ್ಮೆಲೇ ಎದ್ದು ನುಡಿಯುವಾಗ ಎದೆಗೆ ತಟ್ಟುವುದು ಹುಲ್ಲಿನ ಮೇಲೆ ಮಾತ್ರ.

ಮಳೆಯ ಸಂಜೆಗಳಿಗೆ ಬೇರೆ ಲೆಕ್ಕ. ಹವೆ ತೀರಾ ಕೆಟ್ಟಾಗ ಕಚೇರಿಯನ್ನು ಪಕ್ಕದ ಹ್ಯಾರಿಸ್ ಥಿಯೇಟರಿಗೆ ಸಾಗಿಸುವುದುಂಟು. ಹೊರಗೆ ಆಸನ, ಹುಲ್ಲು ಎರಡೂ ಸೇರಿ ಸುಮಾರು 11,000 ಜನ ಕೂರಬಹುದಾದರೆ ಅಲ್ಲಿ ಸುಮಾರು 1,500 ಮಂದಿಗೆ ಮಾತ್ರ ಜಾಗ. ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿರಲು ಆಕಾಶ ನೋಡುವುದರ ಜೊತೆಗೆ ನಾನು ಇನ್ನೊಂದು ಸೂಚನೆಯನ್ನೂ ಗಮನಿಸುತ್ತೇನೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿರುತ್ತೇನೆ. ಬರುವ ಬೇಸಗೆಗೆ ಗಾಯನವೃಂದದ ಸರದಿ: ನೂರಕ್ಕೂ ಹೆಚ್ಚು ಕಂಠಗಳ ಮಾತು ಯಾವ ಸಾಲಿನವರೆಗೆ ಅಕ್ಷರಕ್ಷರವಾಗಿ ತಲುಪುತ್ತದೆ ಎಂಬುದನ್ನು ಬೊಲೆರೊ ಡ್ರಮ್ಮಿನಂತೆಯೇ ಮಧ್ಯಾಹ್ನಗಳಲ್ಲಿ ಅಳೆಯಬೇಕಾಗಿದೆ, ಅದಕ್ಕೆ ಬೇಕಾದ ಪುಟಗಳನ್ನು ಆಗಲೇ ಮುದ್ರಿಸಿಟ್ಟಿದ್ದೇನೆ.