ಕಾಂಚನಜುಂಗಾ ಅಪಾರ್ಟ್‌ಮೆಂಟಿನ ರಟ್ಟಿನ ಮಾದರಿ: ಕಟ್ಟುವುದು, ಕಲಬುರಗಿ ಬಿಸಿಲಿಗಿಟ್ಟು ನೋಡುವುದು

ಕಾಲೇಜಿನ ವಸ್ತು ಪ್ರದರ್ಶನಕ್ಕೆ ಬಹುಮಹಡಿ ಕಟ್ಟಡ ಮಾಡಿ ಎಂದರೆ ಸಾಮಾನ್ಯವಾಗಿ ಬರುವುದು ಥರ್ಮಕೋಲಿನ ಪೆಟ್ಟಿಗೆ, ಅದರ ಮೇಲೆ ಸ್ಕೆಚ್ ಪೆನ್ನಿನ ಕಿಟಕಿಗಳು. ಮುಂಬೈಯ ಕಾಂಚನಜುಂಗಾಕ್ಕೆ ಆ ದಾರಿ ನಡೆಯುವುದಿಲ್ಲ. ಆ ಕಟ್ಟಡದ ಗುರುತು ಇರುವುದು ಅದರ ಎತ್ತರದಲ್ಲಲ್ಲ, ಮೂಲೆಗಳಲ್ಲಿ ಕೊರೆದು ತೆಗೆದ ಜಾಗದಲ್ಲಿ. ಆ ಜಾಗ ಸರಿಯಾಗಿ ಬಂದರೆ ಮಾದರಿ ನಿಂತಂತೆ. ಉಳಿದದ್ದು ತಾಳ್ಮೆಯ ಕೆಲಸ.

ಮೊದಲು ಕಟ್ಟಡದ ವಿಷಯ. ಪೆಡ್ಡರ್ ರಸ್ತೆ, ಕಂಬಾಲಾ ಹಿಲ್, ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ, ಪೂರ್ಣಗೊಂಡದ್ದು 1983ರಲ್ಲಿ. 28 ಅಂತಸ್ತು, 32 ಮನೆ, ಮನೆಗಳಲ್ಲಿ 4 ಬಗೆ, 3 ಮಲಗುಕೋಣೆಯದ್ದರಿಂದ 6ರವರೆಗೆ. ತಳ 21 ಮೀಟರ್ ಚೌಕ, ಎತ್ತರ ಸುಮಾರು 84 ಮೀಟರ್, ಅಂದರೆ ಅಗಲದ 4 ಪಟ್ಟು. ಮುಂಬೈಯಲ್ಲಿ ಸಮುದ್ರದ ಗಾಳಿ ಬೇಕಾದರೆ, ಒಳ್ಳೆಯ ನೋಟ ಬೇಕಾದರೆ ಮನೆ ಪೂರ್ವ ಪಶ್ಚಿಮಕ್ಕೆ ತೆರೆದಿರಬೇಕು. ತೊಂದರೆ ಏನೆಂದರೆ ಸುಡುವ ಬಿಸಿಲೂ ಮಳೆಗಾಲದ ಇರಚಲೂ ಅದೇ ದಿಕ್ಕಿನಿಂದ ಬರುತ್ತವೆ. ಹಳೆಯ ಬಂಗಲೆಗಳು ಇದಕ್ಕೆ ಸುತ್ತ ಪಡಸಾಲೆ ಇಟ್ಟು ಉಪಾಯ ಮಾಡಿದ್ದವು. ಕೊರಿಯಾ ಅದೇ ಪಡಸಾಲೆಯನ್ನು ಎರಡು ಅಂತಸ್ತಿನ ಎತ್ತರಕ್ಕೆ ಹಿಗ್ಗಿಸಿ ಗೋಪುರದ ಮೂಲೆಗಳಲ್ಲಿ ಕೂರಿಸಿದರು. ಪ್ರದರ್ಶನದ ಫಲಕದಲ್ಲಿ ಇಷ್ಟನ್ನು ಬರೆದರೆ ಸಾಕು. ಅಂತಸ್ತಿನ ಲೆಕ್ಕವನ್ನೇ ಎತ್ತರವೆಂದು ಹೇಳಬೇಡಿ: ಅದೇ ಭಾಗದ ಆಂಟಿಲಿಯಾಕ್ಕೆ 27 ಅಂತಸ್ತು, ಆದರೆ ಎತ್ತರ 173 ಮೀಟರ್.

ಅಳತೆ

1:200 ಹಿಡಿದರೆ ಲೆಕ್ಕ ಬಹಳ ಚೊಕ್ಕಟವಾಗಿ ಬೀಳುತ್ತದೆ. ತಳ 105 ಮಿ.ಮೀ. ಚೌಕ, ಒಂದು ಅಂತಸ್ತು 15 ಮಿ.ಮೀ., 28 ಅಂತಸ್ತಿಗೆ 420 ಮಿ.ಮೀ. 1:100 ಮಾಡಿದರೆ ಮಾದರಿ 84 ಸೆಂ.ಮೀ. ಆಗಿ ಬಸ್ಸಿನಲ್ಲಿ ಒಯ್ಯಲಾಗದು. 1:500ರಲ್ಲಿ ಪಡಸಾಲೆಯೊಳಗೆ ಬೆರಳೂ ಹೋಗದು, ನೆರಳೂ ಕಾಣದು.

ಒಂದು ಮಾತು ಸ್ಪಷ್ಟವಿರಲಿ. ಇಲ್ಲಿ ಕೊಟ್ಟಿರುವ ಮೂಲೆಯ ಕೊರೆತ, 30 ಮಿ.ಮೀ. ಚೌಕದ್ದು, ಮಾದರಿಗಾಗಿ ಸರಳ ಮಾಡಿದ್ದು. ನಿಜ ಕಟ್ಟಡದಲ್ಲಿ ಮನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ, ಕೊರೆತಗಳು ಇಷ್ಟು ಸಮನಾಗಿ ಬರುವುದಿಲ್ಲ. ಫಲಕದಲ್ಲಿ ‘ಸರಳೀಕೃತ ಮಾದರಿ’ ಎಂದು ಬರೆಯಿರಿ. ಪರೀಕ್ಷಕರು ಕೇಳುವ ಮೊದಲ ಪ್ರಶ್ನೆಯೇ ಅದು.

ಸಾಮಾನು

2 ಮಿ.ಮೀ. ದಪ್ಪದ ಬೂದು ರಟ್ಟು, 22×28 ಇಂಚಿನ 2 ಹಾಳೆ. 300 ಜಿಎಸ್‌ಎಂ ಬಿಳಿ ಕಾರ್ಡ್, ಎ4 ಅಳತೆಯ 3 ಹಾಳೆ. ಫೆವಿಕಾಲ್ 100 ಗ್ರಾಂ, ಅರ್ಧ ಇಂಚಿನ ಬ್ರಷ್, ಸಣ್ಣ ಕಟರ್ ಮತ್ತು ಒಂದು ಪೊಟ್ಟಣ ಬ್ಲೇಡು, ಸ್ಟೀಲ್ ಸ್ಕೇಲು, ಮೂಲೆಮಟ್ಟ, ನಯವಾದ ಉಪ್ಪು ಕಾಗದ. ತಳಕ್ಕೆ 12 ಮಿ.ಮೀ. ಪ್ಲೈವುಡ್, 30×30 ಸೆಂ.ಮೀ. ಭಾರಕ್ಕೆ ಒಂದೆರಡು ಫರ್ಸಿ ತುಂಡು. ನಮ್ಮ ಕಡೆ ಶಹಾಬಾದ್ ಕಲ್ಲಿಗೆ ಬರವಿಲ್ಲ, ಅಂಗಳದಲ್ಲಿ ಬಿದ್ದ ಒಂದಡಿ ಚೌಕದ ಚೂರು ಸಾಕು. ಅಷ್ಟು ಸಪಾಟು, ಅಷ್ಟು ಭಾರದ ವಸ್ತು ದುಡ್ಡು ಕೊಟ್ಟರೂ ಸಿಗದು. ಆದರೆ ಅದರ ಮೇಲೆ ನೇರವಾಗಿ ಕಟರ್ ಓಡಿಸಬೇಡಿ, ಒಂದೇ ಎಳೆತಕ್ಕೆ ಬ್ಲೇಡಿನ ಮೊನೆ ಹೋಗುತ್ತದೆ. ಕೆಳಗೆ ಹಳೆ ರಟ್ಟು ಹಾಸಿಕೊಳ್ಳಿ.

ರಟ್ಟು ನಿಜಕ್ಕೂ 2 ಮಿ.ಮೀ. ಇದೆಯೇ ನೋಡಿ. 10 ಚೂರುಗಳನ್ನು ಒಂದರ ಮೇಲೊಂದಿಟ್ಟು ಅಳೆದರೆ 20 ಮಿ.ಮೀ. ಬರಬೇಕು. 18 ಬಂದರೆ ರಟ್ಟು 1.8, ಆಗ ಕೆಳಗೆ ಹೇಳುವ 28 ಮಿ.ಮೀ. ಪಟ್ಟಿಯನ್ನು 28.2ಕ್ಕೆ, 13 ಮಿ.ಮೀ. ಆಸರೆ ತುಂಡನ್ನು 13.2ಕ್ಕೆ ಏರಿಸಿ. ಈ ಲೆಕ್ಕ ಬಿಟ್ಟರೆ ತುದಿಗೆ ಹೋಗುವಷ್ಟರಲ್ಲಿ ಗೋಪುರ ಸುಮಾರು 3 ಮಿ.ಮೀ. ಕುಳ್ಳಾಗುತ್ತದೆ, ಗೋಡೆಗೂ ಸ್ಲ್ಯಾಬಿಗೂ ನಡುವೆ ಬಿರುಕು ಕಾಣುತ್ತದೆ.

ಕತ್ತರಿಸುವುದು

ಸ್ಲ್ಯಾಬುಗಳು ಎರಡೇ ಬಗೆ. 105 ಮಿ.ಮೀ. ಚೌಕದ ಪೂರ್ಣ ಸ್ಲ್ಯಾಬು 15. 104 ಮಿ.ಮೀ. ಚೌಕದ ಕೊರೆದ ಸ್ಲ್ಯಾಬು 14. ಇವುಗಳಲ್ಲಿ ಎದುರು ಬದುರಿನ ಎರಡು ಮೂಲೆಗಳಿಂದ 30×30 ಮಿ.ಮೀ. ಚೌಕ ತೆಗೆಯಬೇಕು. ಎಲ್ಲ 29ರ ನಡುವೆಯೂ 40 ಮಿ.ಮೀ. ಚೌಕದ ನಡುಗಂಬ ಹಾಯಲು 40.5 ಮಿ.ಮೀ. ಚೌಕದ ತೂತು. ಆ ಅರ್ಧ ಮಿ.ಮೀ. ಸಡಿಲ ಬೇಕೇ ಬೇಕು, ಇಲ್ಲದಿದ್ದರೆ ಸ್ಲ್ಯಾಬು ಅರ್ಧದಾರಿಯಲ್ಲಿ ಸಿಕ್ಕಿಕೊಂಡು ನಡುಗಂಬದ ಸಿಪ್ಪೆ ಏಳುತ್ತದೆ. ಒಂದು ಹಾಳೆಯಲ್ಲಿ 5×6 ಲೆಕ್ಕದಲ್ಲಿ 30 ಚೌಕ ಹಿಡಿಯುತ್ತವೆ, ಒಂದು ಹಾಳಾದರೂ ಪರವಾಗಿಲ್ಲ. ರಟ್ಟನ್ನು ಒಂದೇ ಒತ್ತಿಗೆ ಕೊಯ್ಯಲು ಹೋದರೆ ಬ್ಲೇಡು ವಾಲಿ ಅಂಚು ಓರೆಯಾಗುತ್ತದೆ. ಹಗುರವಾಗಿ 4-5 ಸಲ ಎಳೆಯಿರಿ, ಒಂದೈದು ಸ್ಲ್ಯಾಬಿಗೊಮ್ಮೆ ಮೊನೆ ಮುರಿದು ಹೊಸದು ಮಾಡಿಕೊಳ್ಳಿ. ತೂತು ಕೊಯ್ಯುವಾಗ ಮೂಲೆಯಿಂದ ನಡುವಿನ ಕಡೆಗೆ ಎಳೆದರೆ ಮೂಲೆ ದಾಟಿ ಗೀರು ಬೀಳದು.

ನಡುಗಂಬಕ್ಕೆ 440 ಮಿ.ಮೀ. ಉದ್ದದ 4 ಪಟ್ಟಿ: ಎರಡು 40 ಮಿ.ಮೀ. ಅಗಲ, ಎರಡು 36. ಅಗಲವಾದವುಗಳ ನಡುವೆ ಕಿರಿದಾದವು ಕೂತರೆ ಹೊರ ಅಳತೆ 40×40 ಬರುತ್ತದೆ. ಆಸರೆ ತುಂಡು 13×25 ಮಿ.ಮೀ., ಒಟ್ಟು 112. ಬೇಸರದ ಕೆಲಸ, ಇಬ್ಬರಿದ್ದರೆ ಒಳ್ಳೆಯದು.

ಇನ್ನು ಗೋಡೆ. ಇಡೀ ಮಾದರಿಯ ಜಾಣತನ ಇಲ್ಲಿದೆ. ಮೂಲೆ ಕೊರೆದರೂ ಗೋಡೆಯ ಒಟ್ಟು ಉದ್ದ ಬದಲಾಗುವುದಿಲ್ಲ: 75 ಮಿ.ಮೀ.ಯ 4, 30 ಮಿ.ಮೀ.ಯ 4, ಕೂಡಿದರೆ 420. ಅದರ ಅರ್ಧ 210, ಸರಿಯಾಗಿ ಎ4 ಹಾಳೆಯ ಅಗಲ. ಆದ್ದರಿಂದ ಹಾಳೆಯ ಅಡ್ಡಕ್ಕೆ 28 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿದರೆ ಸಾಕು. ಒಂದು ಹಾಳೆಗೆ 10, ನಮಗೆ ಬೇಕಾದದ್ದು 28. ಪ್ರತಿ ಪಟ್ಟಿಯ ಮೇಲೆ 30, 105 ಮತ್ತು 180 ಮಿ.ಮೀ.ಗೆ ಅಡ್ಡಗೆರೆ ಹಾಕಿ, ಹೊರಮೈಯಲ್ಲಿ ಬ್ಲೇಡಿನಿಂದ ಅರ್ಧ ದಪ್ಪ ಮಾತ್ರ ಗೀರಿ, ಗೀರಿನಿಂದ ಆಚೆಗೆ ಮಡಿಸಿ. ಮೂರೂ ಮಡಿಕೆ ಒಂದೇ ದಿಕ್ಕಿಗೆ. ಕಿಟಕಿ ಬರೆಯುವುದಿದ್ದರೆ ಮಡಿಸುವ ಮೊದಲೇ 75ರ ಭಾಗಗಳಲ್ಲಿ ಬೂದು ಪೆನ್ನಿನಿಂದ ಬರೆಯಿರಿ. ಕಡಿಮೆ ಬರೆದಷ್ಟೂ ಚೆಂದ. 30ರ ತುದಿಗಳಿಗೆ ಇಟ್ಟಿಗೆ ಬಣ್ಣವನ್ನೋ ಹಳದಿಯನ್ನೋ ತೆಳುವಾಗಿ ಹಚ್ಚಿದರೆ ಪಡಸಾಲೆ ದೂರದಿಂದಲೇ ಎದ್ದು ಕಾಣುತ್ತದೆ.

ಕಟ್ಟುವುದು

ನಿಜ ಕಟ್ಟಡದಲ್ಲೂ ಲಿಫ್ಟು ಇರುವ ನಡುಭಾಗವನ್ನು ಮೊದಲು ಮೇಲೆಬ್ಬಿಸಿ ಆಮೇಲೆ ಉಳಿದದ್ದನ್ನು ಕಟ್ಟಿದರು; ಗಾಳಿಯ ಅಡ್ಡ ಒತ್ತಡ ತಡೆಯುವುದು ಮುಖ್ಯವಾಗಿ ಆ ನಡುಭಾಗವೇ. ನಾವೂ ಹಾಗೇ ಮಾಡೋಣ. ಪ್ಲೈವುಡ್ಡಿನ ಮೇಲೆ 36 ಮಿ.ಮೀ. ಚೌಕದ ಮರದ ತುಂಡು ಅಂಟಿಸಿ, ಅದರ ಮೇಲೆ ನಡುಗಂಬವನ್ನು ಇಳಿಸಿ, ನಾಲ್ಕೂ ಕಡೆ ಮೂಲೆಮಟ್ಟ ಹಿಡಿದು ನೋಡಿ. ಇದು ಒಂದು ಡಿಗ್ರಿ ವಾಲಿದರೂ ತುದಿಯಲ್ಲಿ 7 ಮಿ.ಮೀ. ಆಗುತ್ತದೆ, ಆಮೇಲೆ ಸರಿಪಡಿಸುವ ದಾರಿಯಿಲ್ಲ. ರಾತ್ರಿಯಿಡೀ ಒಣಗಲಿ. ನಂತರ ಕಂಬದ ಮೇಲೆ ತಳದಿಂದ ಪ್ರತಿ 30 ಮಿ.ಮೀ.ಗೆ ಪೆನ್ಸಿಲ್ ಗೆರೆ ಹಾಕಿ.

ಒಂದು ಜೋಡಿ ಅಂತಸ್ತಿನ ಕ್ರಮ ಹೀಗೆ: ಪೂರ್ಣ ಸ್ಲ್ಯಾಬು ಇಳಿಸಿ. ಕಂಬದ ನಾಲ್ಕು ಬದಿಗೆ ತಾಗಿಸಿ 4 ಆಸರೆ ತುಂಡು ನಿಲ್ಲಿಸಿ. ಕೊರೆದ ಸ್ಲ್ಯಾಬು ಇಳಿಸಿ, ಮತ್ತೆ 4 ಆಸರೆ. ಈಗ ಎರಡು ಪಟ್ಟಿಗಳನ್ನು ಸುತ್ತ ಕೂರಿಸಿ. ಅವುಗಳ ತುದಿಗಳು ಪಡಸಾಲೆಯ ಒಳಮೂಲೆಯಲ್ಲಿ ಒಂದನ್ನೊಂದು ಮುಟ್ಟುತ್ತವೆ. ಮುಂದಿನ ಜೋಡಿಗೆ ಕೊರೆದ ಸ್ಲ್ಯಾಬನ್ನು 90 ಡಿಗ್ರಿ ತಿರುಗಿಸಿ. ತಿರುಗಿಸಲು ಮರೆತರೆ ಎರಡು ಮೂಲೆಗಳಲ್ಲಿ ಉದ್ದಕ್ಕೂ ಓಣಿ ಬಿದ್ದಂತಾಗಿ ಕಟ್ಟಡದ ಚಹರೆಯೇ ಹೋಗುತ್ತದೆ. ಅದಕ್ಕೇ ಅಂಟು ಹಚ್ಚುವ ಮೊದಲು 14 ಕೊರೆದ ಸ್ಲ್ಯಾಬುಗಳ ಮೇಲೆ ಸಂಖ್ಯೆ ಮತ್ತು ಉತ್ತರದ ಬಾಣ ಬರೆದಿಡಿ. ಪ್ರತಿ ಜೋಡಿ ಮುಗಿದಾಗ ಅಂಚು 30ರ ಗೆರೆಗೆ ಬಂತೇ ನೋಡಿ. ಮೇಲೆ ಬಂದಿದ್ದರೆ ಅಂಟು ದಪ್ಪವಾಗಿದೆ ಎಂದರ್ಥ. ಮುಂದಿನ ಪಟ್ಟಿ ಮತ್ತು ಆಸರೆಗಳನ್ನು ಉಪ್ಪು ಕಾಗದಕ್ಕೆ ತಿಕ್ಕಿ ತಗ್ಗಿಸಿ. 14 ಜೋಡಿ ಆದ ಮೇಲೆ 15ನೇ ಪೂರ್ಣ ಸ್ಲ್ಯಾಬು ಮಾಳಿಗೆ. ಕಂಬ ಅದರ ಮೇಲೂ 18 ಮಿ.ಮೀ. ಉಳಿಯುತ್ತದೆ, ಅದನ್ನು ಮೇಲಿನ ಕೋಣೆಯಂತೆ ಮುಚ್ಚಿಬಿಡಿ.

ಅಂಟಿನ ವಿಷಯದಲ್ಲಿ ನಮ್ಮ ಹವೆ ಬೇರೆಯೇ ಲೆಕ್ಕ. ಏಪ್ರಿಲ್–ಮೇಯಲ್ಲಿ 40 ಡಿಗ್ರಿ ದಾಟಿದಾಗ, ಮೇಲೆ ಫ್ಯಾನು ಬೇರೆ ತಿರುಗುತ್ತಿದ್ದರೆ, ಫೆವಿಕಾಲಿನ ತೆಳು ಪದರ ಕೂರಿಸುವ ಮೊದಲೇ ಕೆನೆ ಕಟ್ಟುತ್ತದೆ. ಅಂಟಿದಂತೆ ಕಂಡರೂ ಮರುದಿನ ಕಳಚುತ್ತದೆ. ಬೆಳಿಗ್ಗೆ ಹತ್ತರೊಳಗೆ ಕೆಲಸ ಮಾಡಿ, ಫ್ಯಾನ್ ನಿಲ್ಲಿಸಿ, ಒಂದು ಸಲಕ್ಕೆ ಒಂದೇ ಜೋಡಿಗೆ ಹಚ್ಚಿ. ರಟ್ಟಿನ ಒಂದೇ ಬದಿಗೆ ನೀರಿನಂಶ ತಾಗಿದರೆ ಅದು ದೋಣಿಯಾಗುತ್ತದೆ, ಆದ್ದರಿಂದ ಪ್ರತಿ ನಾಲ್ಕು ಜೋಡಿಗೊಮ್ಮೆ ಕಂಬದ ಎರಡೂ ಬದಿಗೆ ಫರ್ಸಿ ತುಂಡುಗಳನ್ನು ಸಮತೂಕವಾಗಿ ಹೇರಿ ಗಂಟೆಹೊತ್ತು ಬಿಡಿ. ಬಿಸಿ ಅಂಟಿನ ಗನ್ ಬಳಸಲೇಬೇಡಿ, ಬಿಸಿಲಿಗೆ ನಿಂತ ಕಾರಿನೊಳಗೆ ಅದು ಮೆತ್ತಗಾಗಿ ಗೋಡೆಗಳು ಜಾರುತ್ತವೆ.

ಬಿಸಿಲಿನ ಪರೀಕ್ಷೆ

ಮಾದರಿಯನ್ನು ಮಾಳಿಗೆಯ ಮೇಲೆ ಸಮತಟ್ಟು ಜಾಗದಲ್ಲಿಟ್ಟು, ಕಬ್ಬಿಣದ ಗೇಟು, ನೀರಿನ ಟ್ಯಾಂಕಿನ ಸರಳುಗಳಿಂದ ದೂರವಿದ್ದು, ದಿಕ್ಸೂಚಿ ನೋಡಿ ಉತ್ತರಕ್ಕೆ ಹೊಂದಿಸಿ. ಏಪ್ರಿಲ್ ಮಧ್ಯದಲ್ಲಿ ಕಲಬುರಗಿಯಲ್ಲಿ ಸಂಜೆ 4ಕ್ಕೆ ಸೂರ್ಯ ಹೆಚ್ಚುಕಡಿಮೆ ನೇರ ಪಶ್ಚಿಮದಲ್ಲಿ, ಸುಮಾರು 37 ಡಿಗ್ರಿ ಎತ್ತರದಲ್ಲಿರುತ್ತಾನೆ. ಪಶ್ಚಿಮದ ಪಡಸಾಲೆಯ ಒಳಗೋಡೆ ನೋಡಿ: 28 ಮಿ.ಮೀ.ಯಲ್ಲಿ ಕೆಳಗಿನ 5 ಮಿ.ಮೀ.ಗೆ ಮಾತ್ರ ಬಿಸಿಲು. ಮೂರೂವರೆಯವರೆಗೆ ಅದೂ ಇರುವುದಿಲ್ಲ. 5 ಗಂಟೆಗೆ ಅರ್ಧಕ್ಕಿಂತ ತುಸು ಹೆಚ್ಚು ಗೋಡೆ ಬೆಳಗುತ್ತದೆ, ಅಷ್ಟರಲ್ಲಿ ಬಿಸಿಲಿನ ಕಾವು ಇಳಿದಿರುತ್ತದೆ. ಹೋಲಿಕೆಗೆ ಒಂದು ಪಡಸಾಲೆಯ ಬಾಯಿಗೆ ಬಿಳಿ ಕಾರ್ಡ್ ಮುಚ್ಚಿ. ಅಲ್ಲಿ ಗೋಡೆ ಪೂರ್ತಿ ಬಿಸಿಲಿಗೆ ಒಡ್ಡಿಕೊಂಡಿರುತ್ತದೆ. ಮುಂಬೈಯಲ್ಲಿ ಇದೇ ನೆರಳು ಗಡಿಯಾರದ ಪ್ರಕಾರ ಕಾಲು ಗಂಟೆ ತಡವಾಗಿ ಬರುತ್ತದೆ, ಅದು ಪಶ್ಚಿಮಕ್ಕಿರುವ ಊರು.

ಇದನ್ನು ನೋಡಿ ‘ಕಲಬುರಗಿಗೂ ಇಂಥದೇ ಕಟ್ಟಡ ಬೇಕು’ ಎಂದು ಫಲಕದಲ್ಲಿ ಬರೆಯಲು ಹೋಗಬೇಡಿ. ಪಶ್ಚಿಮಕ್ಕೆ ಮುಖ ಮಾಡಲು ಮುಂಬೈಗೆ ಸಮುದ್ರದ ಕಾರಣವಿತ್ತು, ನಮಗೆ ಆ ಕಾರಣವಿಲ್ಲ. ಇಲ್ಲಿ ಉದ್ದ ಗೋಡೆಗಳನ್ನು ಉತ್ತರ ದಕ್ಷಿಣಕ್ಕೆ ತಿರುಗಿಸುವುದೇ ಲೇಸು. ನಿವೇಶನ ಅದಕ್ಕೆ ಬಿಡದಿದ್ದಾಗ ಪಡಸಾಲೆಯ ಆಳ ಕೆಲಸಕ್ಕೆ ಬರುತ್ತದೆ. 1.2 ಮೀಟರಿನ ಬಾಲ್ಕನಿ ಎಷ್ಟು ನೆರಳು ಕೊಟ್ಟೀತು ನೋಡಬೇಕೆಂದರೆ 6 ಮಿ.ಮೀ. ಕಾರ್ಡ್ ಪಟ್ಟಿಯೊಂದನ್ನು ಪಶ್ಚಿಮ ಗೋಡೆಗೆ ಅಂಟಿಸಿ ಅದೇ 4 ಗಂಟೆಗೆ ನೋಡಿ: ಅದರ ಕೆಳಗೆ ನಾಲ್ಕೂವರೆ ಮಿ.ಮೀ. ನೆರಳು, ಅಂದರೆ ನಿಜ ಅಳತೆಯಲ್ಲಿ ಒಂದು ಮೀಟರೂ ಇಲ್ಲ.

ಮಾದರಿ ನೆಟ್ಟಗಿದೆಯೇ ಎಂಬುದಕ್ಕೂ ಸೂರ್ಯನೇ ಸಾಕ್ಷಿ. ಮೇ 9–10ರ ಆಸುಪಾಸು ಕಲಬುರಗಿಯಲ್ಲಿ ಶೂನ್ಯ ನೆರಳಿನ ದಿನ. ಮಧ್ಯಾಹ್ನ ಸುಮಾರು 12.20ಕ್ಕೆ ನೆಟ್ಟಗಿರುವ ಗೋಪುರಕ್ಕೆ ನೆಲದ ಮೇಲೆ ನೆರಳೇ ಬೀಳದು. ಯಾವ ಬದಿಗೆ ನೆರಳು ಇಣುಕುತ್ತದೋ ಆ ಬದಿಗೆ ವಾಲಿದೆ.

ಸಭಾಂಗಣದೊಳಗೆ ಬಿಸಿಲು ಸಿಗದಿದ್ದರೆ ಒಂದು ಎಲ್‌ಇಡಿ ದೀಪ ಸಾಕು. ತೋರಿಸಬೇಕಾದ ಪಡಸಾಲೆಯಿಂದ ಪಶ್ಚಿಮಕ್ಕೆ 60 ಸೆಂ.ಮೀ. ದೂರ, ಅದಕ್ಕಿಂತ 45 ಸೆಂ.ಮೀ. ಎತ್ತರದಲ್ಲಿ ಹಿಡಿದರೆ ಅದೇ 37 ಡಿಗ್ರಿ. ದೀಪ ಹತ್ತಿರವಿರುವುದರಿಂದ ಪ್ರತಿ ಅಂತಸ್ತಿಗೂ ಕೋನ ಬದಲಾಗುತ್ತದೆ, ಹಾಗಾಗಿ ಒಂದೇ ಪಡಸಾಲೆಯತ್ತ ಬೆರಳು ತೋರಿ.

ಎತ್ತರದ ಅಂದಾಜಿಗೆ ಪಕ್ಕದಲ್ಲಿ 8.5 ಮಿ.ಮೀ. ಮನುಷ್ಯರನ್ನು ನಿಲ್ಲಿಸುವುದು ರೂಢಿ, ಆದರೆ ದೂರಕ್ಕೆ ಅವು ಕಾಣವು. ಬೀದರಿನ ಹಳೆಯ ಕಾವಲು ಗೋಪುರ ಚೌಬಾರಾವನ್ನು ನಿಲ್ಲಿಸಿ. ಅದರ 71 ಅಡಿ ಈ ಅಳತೆಯಲ್ಲಿ 10.8 ಸೆಂ.ಮೀ. ಆಗುತ್ತದೆ, ಕಾಗದದ ಸುರುಳಿಯೊಂದು ಸಾಕು. ಚೌಬಾರಾದ ಎತ್ತರವೂ ಕಾಂಚನಜುಂಗಾದ ಅಗಲವೂ ಹೆಚ್ಚುಕಡಿಮೆ ಒಂದೇ ಎಂಬುದು ನೋಡಿದವರಿಗೆ ತಾನಾಗಿ ತಿಳಿಯುತ್ತದೆ.

ಒಯ್ಯಲು 35×35×50 ಸೆಂ.ಮೀ.ಯ ಪೆಟ್ಟಿಗೆ ಬೇಕು. ಪ್ಲೈವುಡ್ ತಳವನ್ನು ಪೆಟ್ಟಿಗೆಯ ಅಡಿಗೆ ಎರಡು ಸ್ಕ್ರೂ ಹಾಕಿ ಬಿಗಿಯಿರಿ, ಗೋಪುರದ ಸುತ್ತ ಏನೂ ತುರುಕಬೇಡಿ. ತುರುಕಿದ ಕಾಗದವೇ ಆಟೋ ಕುಲುಕಾಟಕ್ಕೆ ಗೋಡೆಗಳನ್ನು ಒಳಗೆ ತಳ್ಳುತ್ತದೆ. ಎತ್ತುವಾಗ ಕೈ ತಳಕ್ಕೆ ಹಾಕಿ, ಗೋಪುರಕ್ಕಲ್ಲ.