ಹಿಂದಿನ ಓದಿಗೆ ಕ್ರೆಡಿಟ್: ದೇವಶಾಸ್ತ್ರ ಕಾಲೇಜಿನಲ್ಲಿ ನನ್ನ ಅನುಭವ

ಮಂಗಳೂರಿನ ಒಂದು ದೇವಶಾಸ್ತ್ರ ಕಾಲೇಜಿನಲ್ಲಿ ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯನ್ನು ಕಲಿಸುವುದರ ಜೊತೆಗೆ, ಬೇರೆಡೆ ಓದಿ ಬಂದವರ ಹಿಂದಿನ ಓದಿಗೆ ಎಷ್ಟು ಕ್ರೆಡಿಟ್ ಕೊಡಬಹುದೆಂದು ತೀರ್ಮಾನಿಸುವ ಸಮಿತಿಯ ಹೊಣೆಯನ್ನೂ ನಾನು ಹಲವು ವರ್ಷಗಳಿಂದ ನಿರ್ವಹಿಸುತ್ತ ಬಂದಿದ್ದೇನೆ. ಹೊರಗಿನವರಿಗೆ ಇದು ಕಚೇರಿಯ ಕೆಲಸದಂತೆ ಕಾಣುತ್ತದೆ: ಅಂಕಪಟ್ಟಿ ತರಿಸಿಕೊಳ್ಳುವುದು, ನಮ್ಮ ಪಠ್ಯಕ್ರಮದೊಡನೆ ತಾಳೆ ನೋಡುವುದು, ಮೊಹರು ಒತ್ತುವುದು. ಆದರೆ ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಶುಲ್ಕ, ಊರಿನಲ್ಲಿ ದಾರಿ ಕಾಯುವ ಅವನ ಸಂಸಾರ, ಅವನನ್ನು ಓದಲು ಕಳುಹಿಸಿದ ಸಭೆಯ (ಚರ್ಚಿನ) ನಿರೀಕ್ಷೆ, ಇವೆಲ್ಲ ಆ ತೀರ್ಮಾನವನ್ನು ಅವಲಂಬಿಸಿರುತ್ತವೆ. ನಾಳೆ ಅವನ ಪ್ರಸಂಗವನ್ನು ಕೇಳಬೇಕಾದ ಜನರ ಹಿತವೂ ಅದರಲ್ಲಿ ಸೇರಿರುತ್ತದೆ. ಈ ಎರಡನ್ನೂ ಒಟ್ಟಿಗೆ ಕಾಯುವ ಕ್ರಮವೊಂದನ್ನು ನಾವು ನಿಧಾನವಾಗಿ ರೂಪಿಸಿಕೊಂಡೆವು. ಅದನ್ನು ಇಲ್ಲಿ ಹೇಳುತ್ತಿದ್ದೇನೆ.

ಕ್ರೆಡಿಟ್ ಎಂಬ ಲೆಕ್ಕ ಈಗ ಎಲ್ಲ ಕಾಲೇಜುಗಳಲ್ಲೂ ಬಳಕೆಯಲ್ಲಿದೆ. ಒಂದು ಕ್ರೆಡಿಟ್ ಎಂದರೆ ಸ್ಥೂಲವಾಗಿ ಒಂದು ಸೆಮಿಸ್ಟರ್‌ನಲ್ಲಿ ವಾರಕ್ಕೆ ಒಂದು ಗಂಟೆಯ ಪಾಠ, ಅಂದರೆ ಸುಮಾರು 15 ಗಂಟೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರಲ್ಲಿ, ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಖಾತೆಯಲ್ಲಿ ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಕುರಿತ ನಿಯಮಗಳನ್ನು ಹೊರಡಿಸಿದ ಮೇಲೆ, ಒಂದೆಡೆ ಗಳಿಸಿದ್ದನ್ನು ಇನ್ನೊಂದೆಡೆಗೆ ಒಯ್ಯಬಹುದೆಂಬ ತಿಳಿವಳಿಕೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ಆ ನಿಯಮಗಳಲ್ಲಿ ಕ್ರೆಡಿಟ್‌ಗೆ 7 ವರ್ಷಗಳ ಆಯುಸ್ಸಿದೆ, ಪದವಿ ಕೊಡುವ ಸಂಸ್ಥೆಯಲ್ಲಿಯೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಬೇಕೆಂಬ ಷರತ್ತಿದೆ, ಒಮ್ಮೆ ಪದವಿಗಾಗಿ ಬಳಸಿಕೊಂಡ ಕ್ರೆಡಿಟನ್ನು ಮತ್ತೆ ಬಳಸುವಂತಿಲ್ಲ. ನಮ್ಮಲ್ಲಿಗೆ ಬರುವ ಅನೇಕರು ಆ ವ್ಯವಸ್ಥೆಯ ಒಳಗೆ ಇಲ್ಲದ ಬೈಬಲ್ ಶಾಲೆಗಳಲ್ಲಿ ಓದಿದವರಾದ್ದರಿಂದ ಅವರ ಓದನ್ನು ಯಾವ ಬ್ಯಾಂಕಿನ ಖಾತೆಯೂ ತೋರಿಸುವುದಿಲ್ಲ. ಹೀಗಿದ್ದರೂ ಈ ಮೂರು ಷರತ್ತುಗಳ ಹಿಂದಿರುವ ವಿವೇಕ ನಮಗೂ ಒಪ್ಪಿತವಾಗಿದೆ, ಮತ್ತು ನಮ್ಮ ಕಾಲೇಜೇ ನಡೆಸುವ ಸರ್ಟಿಫಿಕೇಟ್ ಮತ್ತು ಡಿಪ್ಲೊಮಾ ತರಗತಿಗಳಿಗೆ ನಾವು ಅವನ್ನೇ ಹೋಲುವ ಮಿತಿಗಳನ್ನು ಇಟ್ಟುಕೊಂಡಿದ್ದೇವೆ.

ಪದವಿ ತರಗತಿಗಳ ವಿಷಯ ಬೇರೆ. ಅಲ್ಲಿ ಕೊನೆಯ ಮಾತು ಪದವಿ ಕೊಡುವ ವಿಶ್ವವಿದ್ಯಾಲಯದ್ದು. ನಾವು ಶಿಫಾರಸು ಮಾಡಬಹುದೇ ಹೊರತು ಮಂಜೂರು ಮಾಡುವಂತಿಲ್ಲ. ನಮ್ಮ ದೇಶದ ಪ್ರಾಟೆಸ್ಟಂಟ್ ದೇವಶಾಸ್ತ್ರ ಶಿಕ್ಷಣದಲ್ಲಿ ಇದಕ್ಕೊಂದು ದೀರ್ಘ ಹಿನ್ನೆಲೆಯಿದೆ. 1818ರಲ್ಲಿ, ಆಗ ಡೇನರ ಆಡಳಿತದಲ್ಲಿದ್ದ ಬಂಗಾಳದ ಸೆರಾಂಪುರದಲ್ಲಿ ಆರಂಭವಾದ ಸೆರಾಂಪುರ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ಅರಸನ ಸನ್ನದಿನಿಂದ ಪದವಿ ನೀಡುವ ಅಧಿಕಾರ ಬಂದಿತು. 1918ರ ಕಾಯ್ದೆಯಿಂದ ರೂಪುಗೊಂಡ ಅದರ ಸೆನೆಟ್ ಬೇರೆ ಬೇರೆ ಸಭೆಗಳ ಕಾಲೇಜುಗಳನ್ನು ತನ್ನೊಡನೆ ಸಂಯೋಜಿಸಿಕೊಂಡು ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಮೊದಲಾದ ಪದವಿಗಳನ್ನು ನೀಡುತ್ತ ಬಂದಿದೆ. ಒಂದೇ ಸೆನೆಟ್‌ನ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಬರುವ ವಿದ್ಯಾರ್ಥಿಯ ಓದನ್ನು ಅಳೆಯುವ ಪ್ರಶ್ನೆ ಹೆಚ್ಚಾಗಿ ಏಳುವುದಿಲ್ಲ, ಏಕೆಂದರೆ ಪಠ್ಯಕ್ರಮ ಒಂದೇ. ಬೇರೆ ವ್ಯವಸ್ಥೆಗಳಿಂದ ಬಂದವರ ವಿಷಯದಲ್ಲಿಯೇ ನಮ್ಮ ಸಮಿತಿಗೆ ನಿಜವಾದ ಕೆಲಸವಿರುವುದು.

ಬೈಬಲ್ ಶಾಲೆಯ ಅಂಕಪಟ್ಟಿಯಲ್ಲಿ ‘ಹಳೆ ಒಡಂಬಡಿಕೆ ಪೀಠಿಕೆ’ ಎಂದಿರುತ್ತದೆ, ನಮ್ಮ ಪಠ್ಯಕ್ರಮದಲ್ಲೂ ಅದೇ ಹೆಸರಿರುತ್ತದೆ. ಒಂದು ಕಡೆ ಅದು ಆದಿಕಾಂಡದಿಂದ ಮಲಾಕಿಯವರೆಗಿನ ಪುಸ್ತಕಗಳ ಸಾರಾಂಶ. ಇನ್ನೊಂದು ಕಡೆ ಮೊದಲ ಐದು ಪುಸ್ತಕಗಳಾದ ಪಂಚಗ್ರಂಥಗಳು ಹೇಗೆ ಸಂಕಲಿತವಾದವು, ಪ್ರವಾದಿಗಳ ಮಾತು ಹೇಗೆ ಬರಹಕ್ಕಿಳಿಯಿತು, ಬಾಬಿಲೋನಿನ ಸೆರೆವಾಸ ಇಸ್ರಾಯೇಲಿನ ನಂಬಿಕೆಯನ್ನು ಹೇಗೆ ಬದಲಿಸಿತು ಎಂಬ ವಿಮರ್ಶೆ. ಹೆಸರು ಕೂಡಿಬಂದ ಮಾತ್ರಕ್ಕೆ ಓದು ಕೂಡಿಬರುವುದಿಲ್ಲ. ಆದುದರಿಂದ ನಾವು ಅಂಕಪಟ್ಟಿಯೊಂದನ್ನೇ ಕೇಳುವುದನ್ನು ಬಿಟ್ಟು, ಆ ಪಾಠಕ್ಕೆ ಮೀಸಲಾಗಿದ್ದ ಗಂಟೆಗಳು, ಓದಬೇಕಾಗಿದ್ದ ಪುಸ್ತಕಗಳ ಪಟ್ಟಿ, ಸಿಕ್ಕಿದರೆ ಹಳೆಯ ಪ್ರಶ್ನೆಪತ್ರಿಕೆ, ವಿದ್ಯಾರ್ಥಿ ಸ್ವತಃ ಬರೆದ ಒಂದು ಪ್ರಬಂಧ, ಇಷ್ಟನ್ನು ಕೇಳತೊಡಗಿದೆವು. ಇವುಗಳಲ್ಲಿ ನನಗೆ ಅತ್ಯಂತ ಹೆಚ್ಚು ತಿಳಿಸಿಕೊಡುವುದು ಪ್ರಶ್ನೆಪತ್ರಿಕೆ. ‘ಯೋನನ ಪುಸ್ತಕದ ಸಾರಾಂಶ ಬರೆಯಿರಿ’ ಎಂದು ಕೇಳಿದ ಶಾಲೆ ಏನನ್ನು ಕಲಿಸಿದೆ, ‘ಯೋನನ ಪುಸ್ತಕ ಯಾರನ್ನು ಉದ್ದೇಶಿಸಿ ಬರೆದದ್ದಿರಬಹುದು, ಕಾರಣ ಕೊಡಿ’ ಎಂದು ಕೇಳಿದ ಶಾಲೆ ಏನನ್ನು ಕಲಿಸಿದೆ ಎಂಬುದು ಆ ಒಂದೊಂದು ಸಾಲಿನಲ್ಲೇ ಗೊತ್ತಾಗುತ್ತದೆ.

ಇಷ್ಟಾದ ಮೇಲೂ ಉಳಿಯುವ ಪ್ರಶ್ನೆಯೊಂದಿದೆ, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಈ ಪಾಠದಿಂದ ವಿನಾಯಿತಿ ಕೊಟ್ಟರೆ, ಇದನ್ನು ಆಧರಿಸಿದ ಮುಂದಿನ ಪಾಠದಲ್ಲಿ ಇವರು ಉಳಿದವರ ಜೊತೆ ನಡೆಯಬಲ್ಲರೇ? ಹಿಂದಿನ ಓದು ನಮ್ಮ ಪಾಠಕ್ಕೆ ಎಷ್ಟು ಸಮ ಎಂದು ಹಿಂದಕ್ಕೆ ನೋಡಿ ಅಳೆಯುವುದಕ್ಕಿಂತ, ಮುಂದಿನ ಪಾಠಕ್ಕೆ ಅದು ಎಷ್ಟು ಒದಗುತ್ತದೆ ಎಂದು ನೋಡಿ ಅಳೆಯುವುದು ವಿದ್ಯಾರ್ಥಿಗೂ ನ್ಯಾಯ, ಕಾಲೇಜಿಗೂ ನ್ಯಾಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಳೆ ಒಡಂಬಡಿಕೆಯ ಮೂಲಭಾಷೆಯಾದ ಹೀಬ್ರೂವಿನ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಸೆಮಿಸ್ಟರ್ ಹೀಬ್ರೂ ಮುಗಿಸಿದ್ದೇನೆ ಎನ್ನುವವರಿಗೆ ನಾನು ಸಾಮಾನ್ಯವಾಗಿ ರೂತಳ ಪುಸ್ತಕದ 4ನೆಯ ಅಧ್ಯಾಯದ 13ನೆಯ ವಚನವನ್ನು ಕೊಡುತ್ತೇನೆ. ಬೋವಜನು ರೂತಳನ್ನು ವರಿಸಿದ್ದು, ಕರ್ತನು ಅವಳಿಗೆ ಗರ್ಭವನ್ನು ಕೊಟ್ಟದ್ದು, ಅವಳು ಮಗನನ್ನು ಹೆತ್ತದ್ದು, ಎಲ್ಲವೂ ಆ ಒಂದೇ ವಚನದಲ್ಲಿದೆ. ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅರ್ಥ ಹೇಳಿದರೆ ಸಾಲದು. ಮೂರು ಕ್ರಿಯಾಪದಗಳನ್ನು ಧಾತುಕ್ರಮದಲ್ಲಿರುವ ನಿಘಂಟಿನಲ್ಲಿ ಹುಡುಕಿಕೊಡಬೇಕು. ‘ವಯ್ಯಿಕ್ಕಖ್’ ಎಂಬಲ್ಲಿ ಧಾತುವಿನ ಮೊದಲ ಅಕ್ಷರವಾದ ಲಾಮೆದ್ (ಲ) ಕಾಣುವುದಿಲ್ಲ, ‘ವಯ್ಯಿತ್ತೇನ್’ ಎಂಬಲ್ಲಿ ಮೊದಲ ಅಕ್ಷರವಾದ ನೂನ್ (ನ) ಕಾಣುವುದಿಲ್ಲ, ‘ವತ್ತೇಲೆದ್’ ಎಂಬಲ್ಲಿ ಯೋದ್ (ಯ) ಕಾಣುವುದಿಲ್ಲ. ರೂಪಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಉತ್ತೀರ್ಣರಾದವರು ಇಲ್ಲಿ ನಿಘಂಟನ್ನು ತಪ್ಪು ಜಾಗದಲ್ಲಿ ತೆರೆಯುತ್ತಾರೆ. ಭಾಷೆ ಒಳಗಿಳಿದವರು ಕಾಣದ ಅಕ್ಷರವನ್ನು ಊಹಿಸಿ ತೆರೆಯುತ್ತಾರೆ.

ಕುಂದಾಪುರ ಕಡೆಯ ಒಬ್ಬ ಯುವಕನ ಅಂಕಪಟ್ಟಿ ಬಹಳ ಸಾಧಾರಣವಾಗಿತ್ತು. ಹೀಬ್ರೂವಿನಲ್ಲಿ ಕೇವಲ ಪಾಸಾಗುವಷ್ಟು ಅಂಕಗಳಿದ್ದವು. ವಚನವನ್ನು ಮುಂದಿಟ್ಟಾಗ ಅವನು ಸ್ವಲ್ಪ ಹೊತ್ತು ಬೆರಳಿಟ್ಟು ನೋಡಿ, “ಸರ್, ಇಲ್ಲಿ ಕೋಫ್ (ಕ) ಅಕ್ಷರಕ್ಕೆ ದ್ವಿತ್ವ ಬಂದಿದೆಯಲ್ಲ, ಅಂದರೆ ಮೊದಲಕ್ಷರ ಅದರಲ್ಲಿ ಸೇರಿಹೋಗಿದೆ. ನೂನ್ ಇರಬೇಕು ಅಂದುಕೊಂಡೆ, ಆದರೆ ಆ ಧಾತು ನಿಘಂಟಿನಲ್ಲಿ ಸಿಗುತ್ತಿಲ್ಲ, ಲಾಮೆದ್‌ನಲ್ಲಿ ನೋಡಲಾ?” ಎಂದು ಕೇಳಿದ. “ನೋಡಿ” ಎಂದೆ. ನೂನ್‌ನಂತೆ ನಡೆದುಕೊಳ್ಳುವ ಲಾಮೆದ್ ಇರುವುದು ಆ ಧಾತುವಿನಲ್ಲಿಯೇ. ಅದನ್ನು ಯಾರೂ ಹೇಳಿಕೊಡದೆ ಅವನು ಹುಡುಕಿ ತಲುಪಿದ್ದ. ಅವನಿಗೆ ಮೊದಲ ಸೆಮಿಸ್ಟರ್‌ನ ಹೀಬ್ರೂವಿನಿಂದ ಪೂರ್ಣ ವಿನಾಯಿತಿಯನ್ನು ಕೊಡಲು ಸಮಿತಿ ಹಿಂಜರಿಯಲಿಲ್ಲ. ಅವನಿಗಿಂತ ಎಷ್ಟೋ ಹೆಚ್ಚು ಅಂಕ ತಂದಿದ್ದ ಕೆಲವರಿಗೆ ಅದೇ ವಿನಾಯಿತಿಯನ್ನು ನಾವು ಕೊಟ್ಟಿಲ್ಲ, ಮತ್ತು ಅದರ ಕಾರಣವನ್ನು ಅದೇ ವಚನವನ್ನಿಟ್ಟು ಅವರಿಗೆ ವಿವರಿಸಿದ್ದೇವೆ.

ಕಥೊಲಿಕ ಸೆಮಿನರಿಯಲ್ಲಿ, ಅಂದರೆ ಪಾದ್ರಿಗಳಾಗುವವರ ವಿದ್ಯಾಲಯದಲ್ಲಿ, ತತ್ತ್ವಶಾಸ್ತ್ರದ ಹಂತವನ್ನು ಮುಗಿಸಿ, ಗುರುದೀಕ್ಷೆಯ ದಾರಿಯನ್ನು ಬಿಟ್ಟವರು ಆಗಾಗ ಬರುತ್ತಾರೆ. 1879ರಲ್ಲಿ ಆರಂಭವಾದ ಜೆಪ್ಪು ಸೆಮಿನರಿ ಇರುವ ಮಂಗಳೂರಿನಲ್ಲಿ ಇದು ಆಶ್ಚರ್ಯದ ಸಂಗತಿಯಲ್ಲ. ಕಥೊಲಿಕ ಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ ಗುರು ಅಭ್ಯರ್ಥಿಗಳಿಗೆ ಎರಡು ಪೂರ್ಣ ವರ್ಷ ತತ್ತ್ವಶಾಸ್ತ್ರ, ನಾಲ್ಕು ಪೂರ್ಣ ವರ್ಷ ದೇವಶಾಸ್ತ್ರ ಕಡ್ಡಾಯ. ಆ ಎರಡು ವರ್ಷಗಳ ಓದು ನಮ್ಮಲ್ಲಿ ತತ್ತ್ವಶಾಸ್ತ್ರಕ್ಕೆ ಮೀಸಲಾದ ಗಂಟೆಗಳಿಗಿಂತ ಬಹಳ ಹೆಚ್ಚು. ಅಂಥವರನ್ನು ತರ್ಕಶಾಸ್ತ್ರದ, ಭಾರತೀಯ ದರ್ಶನಗಳ ಪೀಠಿಕಾ ತರಗತಿಯಲ್ಲಿ ಮತ್ತೆ ಕೂರಿಸುವುದು ಅವರ ಸಮಯಕ್ಕೆ ಮಾಡುವ ಅನ್ಯಾಯ. ಸಮಿತಿಯಲ್ಲಿ ಈ ಬಗ್ಗೆ ಒಮ್ಮೆ ಆಕ್ಷೇಪ ಬಂದಾಗ, ಓದು ಯಾವ ಸಭೆಯ ಛಾವಣಿಯ ಕೆಳಗೆ ನಡೆಯಿತೆಂಬುದು ನಮ್ಮ ಪ್ರಶ್ನೆಯೇ ಅಲ್ಲವೆಂದು ನಾನು ಗಟ್ಟಿಯಾಗಿ ಹೇಳಿದೆ. ಈಗಲೂ ಹಾಗೆಯೇ ಹೇಳುತ್ತೇನೆ.

ಎಂ.ಎ. ಇತಿಹಾಸ ಓದಿದವರು ಸಭಾ ಚರಿತ್ರೆಯಿಂದ ವಿನಾಯಿತಿ ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಅವರಿಗೆ ಆಕರವನ್ನು ಓದುವ ಕ್ರಮ ಗೊತ್ತು, ವಿಷಯ ಗೊತ್ತಿಲ್ಲ. 1784ರಲ್ಲಿ ಕೆನರಾದ ಕಥೊಲಿಕರು ಶ್ರೀರಂಗಪಟ್ಟಣಕ್ಕೆ ಸೆರೆಹೋದದ್ದು, 1834ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಮೊದಲ ಮೂವರು ಮಂಗಳೂರಿಗೆ ಬಂದದ್ದು, 1878ರ ಕೊನೆಗೆ ಕಥೊಲಿಕ ಗುರುಗಳ ಸಂಘದವರಾದ ಜೆಸ್ವಿಟರು ಬಂದದ್ದು, 1947ರಲ್ಲಿ ಹಲವು ಪ್ರಾಟೆಸ್ಟಂಟ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ರೂಪುಗೊಂಡದ್ದು, ಇವುಗಳ ಇಸವಿಗಳನ್ನು ಒಂದು ವಾರದಲ್ಲಿ ಕಲಿಯಬಹುದು. ಅವರ ಸಾಮರ್ಥ್ಯವನ್ನು ನೋಡಲು ನಾವು ಬಾಸೆಲ್ ಮಿಶನ್ನಿನ ಹಳೆಯ ವಾರ್ಷಿಕ ವರದಿಯ ಒಂದು ಪುಟದ ಪ್ರತಿಯನ್ನು ಕೊಡುತ್ತೇವೆ. ಸಭೆಯ ಸದಸ್ಯರ ಸಂಖ್ಯೆ, ಶಾಲೆಗಳ ವಿವರ, ಕೈಗಾರಿಕೆಯ ಸಮಾಚಾರ ಅದರಲ್ಲಿರುತ್ತದೆ. ಧರ್ಮಪ್ರಚಾರಕ್ಕೆಂದು ಬಂದವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಏಕೆ ತೆರೆದರು, ಜಾತಿ ಮತ್ತು ಕಸುಬು ಎರಡನ್ನೂ ಕಳೆದುಕೊಂಡು ಬಂದವರ ಮಾತು ಈ ವರದಿಯಲ್ಲಿ ಎಲ್ಲಿ ಕೇಳಿಸುತ್ತದೆ, ಎಲ್ಲಿ ಕೇಳಿಸುವುದಿಲ್ಲ ಎಂದು ಬರೆಯಲು ಹೇಳುತ್ತೇವೆ. ಇದನ್ನು ಚೆನ್ನಾಗಿ ಬರೆದವರಿಗೆ ಸಂಶೋಧನಾ ವಿಧಾನದ ಪಾಠದಿಂದ ವಿನಾಯಿತಿ ಸಿಗುತ್ತದೆ. ಸಭಾ ಚರಿತ್ರೆಯ ಪಾಠಕ್ಕೆ ಮಾತ್ರ ಅವರು ಬರಲೇಬೇಕು. ಅವರಿದ್ದರೆ ತರಗತಿಗೂ ಪ್ರಯೋಜನ.

ಮಂಗಳೂರಿನ ರೋಶನಿ ನಿಲಯದಂತಹ ಸಮಾಜಕಾರ್ಯ ಕಾಲೇಜುಗಳಲ್ಲಿ ಎಂ.ಎಸ್.ಡಬ್ಲ್ಯೂ. ಮಾಡಿ ಬಂದವರ ಆಪ್ತಸಮಾಲೋಚನೆಯ ಓದಿಗೆ ಕ್ರೆಡಿಟ್ ಕೊಡುವುದು ಸುಲಭ, ಏಕೆಂದರೆ ಅವರ ಕ್ಷೇತ್ರಕಾರ್ಯಕ್ಕೆ ಮಾರ್ಗದರ್ಶಕರ ಸಹಿಯುಳ್ಳ ದಾಖಲೆಗಳಿರುತ್ತವೆ.

ದಾಖಲೆಯೇ ಇಲ್ಲದ ಓದಿನ ಪ್ರಶ್ನೆ ಇದಕ್ಕಿಂತ ಕಠಿಣ. ಇಪ್ಪತ್ತು ವರ್ಷ ಹಳ್ಳಿಯ ಸಭೆಗಳಲ್ಲಿ ಸೇವೆ ಮಾಡಿದ ಉಪದೇಶಿಗಳು, ಭಾನುವಾರದ ಶಾಲೆಯನ್ನು ಒಂಟಿಯಾಗಿ ನಡೆಸಿದ ಮಹಿಳೆಯರು ನಡುವಯಸ್ಸಿನಲ್ಲಿ ಓದಲು ಬರುತ್ತಾರೆ. ಮರಣದ ಮನೆಯಲ್ಲಿ ಏನು ಹೇಳಬೇಕು, ಏನು ಹೇಳಬಾರದು ಎಂಬುದು ನಮ್ಮ ಉಪನ್ಯಾಸಕರಲ್ಲಿ ಕೆಲವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಉಡುಪಿ ಕಡೆಯಿಂದ ಬಂದ ಇಂತಹ ಒಬ್ಬ ಹಿರಿಯ ತಾಯಿಗೆ, ತಾವು ಕಂಡ ಒಂದು ಸಂದರ್ಭವನ್ನು ಯಾರ ಹೆಸರೂ ಬಾರದಂತೆ ಬರೆದು, ಆಗ ತಾವು ಮಾಡಿದ್ದನ್ನು ಏಕೆ ಮಾಡಿದೆವೆಂದು ವಿವರಿಸಿ ಎಂದು ಕೇಳಿಕೊಂಡೆವು. “ಬರೆದು ಅಭ್ಯಾಸ ಇಲ್ಲ ಸರ್, ಹೇಳಲಿಕ್ಕೆ ಆಗುತ್ತದೆ” ಎಂದರು. “ಹಾಗಾದರೆ ಹೇಳಿ ಅಮ್ಮಾ, ನಾವು ಬರೆದುಕೊಳ್ಳುತ್ತೇವೆ” ಎಂದೆ. ಗಂಡನ ಕುಡಿತದಿಂದ ನೊಂದ ಮನೆಯೊಂದಕ್ಕೆ ತಾನು ಪ್ರಾರ್ಥನೆಗೆಂದು ಹೋಗಿ, ಮೊದಲು ಒಲೆ ಹಚ್ಚಿ ಮಕ್ಕಳಿಗೆ ಗಂಜಿ ಮಾಡಿ ಬಡಿಸಿದ್ದನ್ನೂ, ಪ್ರಾರ್ಥನೆಯನ್ನು ಆ ಹೆಂಗಸೇ ಕೇಳುವವರೆಗೆ ತಡೆಹಿಡಿದದ್ದನ್ನೂ, ಅದಕ್ಕೆ ಕಾರಣವನ್ನೂ ಅವರು ಹೇಳಿದ ಕ್ರಮದಲ್ಲಿ ಸಭೆಯ ಜನರ ಸುಖದುಃಖ ನೋಡಿಕೊಳ್ಳುವ ಪಾಲನಾ ಸೇವೆಯ ಒಂದು ಇಡೀ ಅಧ್ಯಾಯವಿತ್ತು. ಅವರಿಗೆ ಕ್ಷೇತ್ರಕಾರ್ಯದ ಕ್ರೆಡಿಟ್‌ಗಳನ್ನು ಪೂರ್ತಿಯಾಗಿ ಕೊಟ್ಟೆವು.

ಅನುಭವಕ್ಕೆ ಕೊಡುವ ಕ್ರೆಡಿಟ್ ಅನುಭವದ ವರ್ಷಗಳಿಗಲ್ಲ ಎಂಬುದನ್ನು ಮಾತ್ರ ನಾವು ಬಿಡುವುದಿಲ್ಲ. ಇಷ್ಟು ವರ್ಷ ಸೇವೆಗೆ ಇಷ್ಟು ಕ್ರೆಡಿಟ್ ಎಂಬ ಪಟ್ಟಿ ಮಾಡಿದರೆ ಕೆಲಸ ಹಗುರವಾಗುತ್ತದೆ, ಆದರೆ ಅದರಲ್ಲಿ ಕಲಿತವರೂ ಕಲಿಯದವರೂ ಒಂದೇ ಸಾಲಿಗೆ ಬೀಳುತ್ತಾರೆ. ಮತ್ತೆ, ಪಾಲನಾ ಸೇವೆಯ ಅನುಭವವು ಸತ್ಯವೇದದ ಭಾಷೆಗಳಿಗೋ ಸಿದ್ಧಾಂತದ ಪಾಠಕ್ಕೋ ಬದಲಿಯಾಗದು. ಸಭಾಪ್ರಾಂತದ (ಡಯಾಸಿಸ್‌ನ) ಹಿರಿಯರು ಕೆಲವೊಮ್ಮೆ ಶಿಫಾರಸು ಪತ್ರ ಕೊಟ್ಟು, ಇವರನ್ನು ಬೇಗ ಮುಗಿಸಿ ಕಳುಹಿಸಿ, ಸಭೆಯಲ್ಲಿ ಅಯ್ಯನವರಿಲ್ಲ (ಪಾದ್ರಿಯಿಲ್ಲ) ಎಂದು ಒತ್ತಾಯಿಸುವುದುಂಟು. ಆ ಕಷ್ಟ ನಿಜವಾದದ್ದು. ಆದರೆ ಸಭೆಯ ತುರ್ತು ವಿದ್ಯಾರ್ಥಿಯ ಓದಿನ ಪುರಾವೆಯಾಗುವುದಿಲ್ಲವಾದ್ದರಿಂದ, ಅಂಥ ಪತ್ರವನ್ನು ಗೌರವದಿಂದ ಕಡತಕ್ಕೆ ಸೇರಿಸಿ, ತೀರ್ಮಾನವನ್ನು ಎಂದಿನ ಕ್ರಮದಲ್ಲೇ ಮಾಡುತ್ತೇವೆ.

ಇತ್ತೀಚೆಗೆ ಆನ್‌ಲೈನ್ ಕೋರ್ಸ್‌ಗಳ ಪ್ರಮಾಣಪತ್ರಗಳು ಹೆಚ್ಚು ಬರುತ್ತಿವೆ. ಅವನ್ನು ನಾವು ಬೇರೆಯಾಗಿ ಕಾಣುವುದಿಲ್ಲ. ಎದುರಿಗೆ ಕೂರಿಸಿ ಕೇಳುವ ಅರ್ಧ ಗಂಟೆಯ ಮೌಖಿಕ ಪರೀಕ್ಷೆಯೊಂದನ್ನು ಮಾತ್ರ ಕಡ್ಡಾಯ ಮಾಡಿದ್ದೇವೆ.

ತೀರ್ಮಾನದ ಪತ್ರವನ್ನು ಬರೆಯುವುದಕ್ಕೂ ನಾನು ಬಹಳ ಗಮನ ಕೊಡುತ್ತೇನೆ. ‘ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂಬ ಒಂದು ಸಾಲನ್ನು ಕೈಗಿತ್ತರೆ, ಹಿಂದೆ ಕಷ್ಟಪಟ್ಟು ಓದಿದ್ದೆಲ್ಲ ನೀರುಪಾಲಾಯಿತೆಂದು ವಿದ್ಯಾರ್ಥಿಗೆ ಅನಿಸುತ್ತದೆ. ಆದುದರಿಂದ ಯಾವ ಪಾಠಕ್ಕೆ ಕ್ರೆಡಿಟ್ ಸಿಕ್ಕಿದೆ, ಯಾವುದಕ್ಕೆ ಏಕೆ ಸಿಕ್ಕಿಲ್ಲ, ಏನನ್ನು ಓದಿಕೊಂಡು ಬಂದರೆ ಮತ್ತೊಮ್ಮೆ ಪರೀಕ್ಷೆಗೆ ಕೂರಬಹುದು ಎಂದು ಪಾಠವಾರು ಬರೆಯುತ್ತೇವೆ. ವಿನಾಯಿತಿ ಸಿಕ್ಕ ಪಾಠಗಳಿಗೆ ಹಿಂದಿನ ಅಂಕಗಳನ್ನು ನಮ್ಮ ಅಂಕಪಟ್ಟಿಗೆ ತರುವುದಿಲ್ಲ. ‘ಕ್ರೆಡಿಟ್ ವರ್ಗಾವಣೆ’ ಎಂದಷ್ಟೇ ನಮೂದಿಸುತ್ತೇವೆ, ಇಲ್ಲವಾದರೆ ಬೇರೆ ಬೇರೆ ಕಡೆಯ ಅಂಕಗಳು ಕಲೆತು ರ‍್ಯಾಂಕಿನ ಲೆಕ್ಕ ಅನ್ಯಾಯವಾಗುತ್ತದೆ. ಪತ್ರದಿಂದ ತೃಪ್ತರಾಗದವರು ಪ್ರಾಂಶುಪಾಲರಿಗೆ ಮನವಿ ಕೊಡಬಹುದು, ಆಗ ಸಮಿತಿಯಲ್ಲಿ ಇರದ ಅಧ್ಯಾಪಕರೊಬ್ಬರು ಕಡತವನ್ನು ಮೊದಲಿನಿಂದ ನೋಡುತ್ತಾರೆ. ಈ ಎಲ್ಲ ಕೆಲಸವನ್ನು ತರಗತಿಗಳು ಆರಂಭವಾಗುವ ಮೊದಲೇ ಮುಗಿಸುತ್ತೇವೆ. ಯಾವ ಪಾಠಕ್ಕೆ ಕೂರಬೇಕೆಂದು ತಿಳಿಯದೆ ವಿದ್ಯಾರ್ಥಿಯೊಬ್ಬರು ಮೊದಲ ವಾರಗಳನ್ನು ಕಳೆದರೆ, ಆ ಮೇಲೆ ಸಿಗುವ ವಿನಾಯಿತಿಯಿಂದ ಅವರಿಗೆ ಉಳಿಯಬೇಕಾಗಿದ್ದ ಸಮಯ ಉಳಿಯುವುದಿಲ್ಲ.